ಮಣ್ಣಿನ ರನ್‌ವೇಯಲ್ಲಿ ಮೊದಲ ನೌಕರಿ

ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್) ಕೈಗೆ ಬರುವ ಹೊತ್ತಿಗೆ ಭಾರತದ ಪೈಲಟ್ ಒಬ್ಬರ ಲಾಗ್‌ಬುಕ್‌ನಲ್ಲಿ ಸಾಮಾನ್ಯವಾಗಿ ಇರುವುದು 200 ಗಂಟೆಗಳ ಹಾರಾಟ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೇಳುವ ಕನಿಷ್ಠ ಪ್ರಮಾಣವೇ ಅದು. ಸಂಬಳ ಪಡೆದು ವಿಮಾನ ಹಾರಿಸಲು ಕಾನೂನಿನ ಪ್ರಕಾರ ಅಷ್ಟು ಸಾಕು. ಆದರೆ ಕೆಲಸ ಕೊಡುವವರಿಗೆ ಅದು ಸಾಲದು. ಸಣ್ಣ ಚಾರ್ಟರ್ ಕಂಪನಿಗಳು 500 ಗಂಟೆ ಕೇಳುತ್ತವೆ, ಕೆಲವು 1,000 ಕೇಳುತ್ತವೆ. ಏರ್‌ಲೈನ್ಸ್‌ನಲ್ಲಿ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1,500 ಗಂಟೆ ಆಗಿರಬೇಕು. ಅಮೆರಿಕದಲ್ಲಿ ಕೋಪೈಲಟ್ ಹುದ್ದೆಗೂ ಸಾಮಾನ್ಯವಾಗಿ ಅಷ್ಟೇ ಗಂಟೆ ಬೇಕು. 2009ರ ಫೆಬ್ರುವರಿಯಲ್ಲಿ ಬಫಲೋ ನಗರದ ಬಳಿ ನಡೆದ ವಿಮಾನ ದುರಂತದಲ್ಲಿ 50 ಮಂದಿ ಸತ್ತ ಮೇಲೆ ರೂಪುಗೊಂಡ ಆ ನಿಯಮ 2013ರಲ್ಲಿ ಜಾರಿಗೆ ಬಂತು.

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ಹೊಸ ಪೈಲಟ್‌ಗಳ ಪಾಡನ್ನು ಸರಿಯಾಗಿ ಹೇಳುತ್ತದೆ. ಭಾರತದಲ್ಲಿ 2023ರ ಒಂದೇ ವರ್ಷ ಡಿಜಿಸಿಎ 1,622 ಸಿಪಿಎಲ್‌ಗಳನ್ನು ನೀಡಿತು. ಏರ್‌ಲೈನ್ಸ್‌ಗಳು ಹೊಸಬರನ್ನು ತೆಗೆದುಕೊಳ್ಳುವುದು ಅವಕ್ಕೆ ವಿಮಾನ ಬಂದಾಗ, ತಂಡ ತಂಡವಾಗಿ. ನಡುವಿನ ಕಾಲದಲ್ಲಿ ಲೈಸೆನ್ಸ್ ಹಿಡಿದು ಕಾಯುವವರ ಸಂಖ್ಯೆ ದೊಡ್ಡದು. ಈ ಅಂತರವನ್ನು ದಾಟಲು ಹಲವು ದೇಶಗಳ ಯುವ ಪೈಲಟ್‌ಗಳು ದಶಕಗಳಿಂದ ಬಳಸುತ್ತ ಬಂದ ದಾರಿಯೊಂದಿದೆ: ರಸ್ತೆ ಮುಗಿಯುವಲ್ಲಿಗೆ ಹೋಗಿ, ಒಂಟಿ ಎಂಜಿನ್ನಿನ ಸಣ್ಣ ವಿಮಾನ ಹಾರಿಸುವುದು.

ಕೆಲಸ ಹುಟ್ಟುವ ಬಗೆ

ಇಂಥ ಕೆಲಸಗಳು ಇರುವ ಜಾಗಗಳಿಗೆ ಮೂರು ಲಕ್ಷಣಗಳಿವೆ. ಒಂದು, ನೀರು, ಕಾಡು, ಬೆಟ್ಟ ಅಥವಾ ಹಿಮದಿಂದಾಗಿ ಅಲ್ಲಿ ರಸ್ತೆ ಇರುವುದಿಲ್ಲ, ಇದ್ದರೂ ವರ್ಷವಿಡೀ ಉಳಿಯುವುದಿಲ್ಲ. ಎರಡು, ಸಾಗಿಸಬೇಕಾದ ಜನ ಅಥವಾ ಸರಕು ಒಂದು ಸಲಕ್ಕೆ ಐದಾರು ಆಸನದಷ್ಟೇ ಆದ್ದರಿಂದ ದೊಡ್ಡ ವಿಮಾನ ಲೆಕ್ಕಕ್ಕೆ ಬರುವುದಿಲ್ಲ. ಮೂರು, ಸಂಬಳ ಕಡಿಮೆ, ಊರು ದೂರ. ಹಾಗಾಗಿ ಅನುಭವ ಬಂದ ಪೈಲಟ್ ಅಲ್ಲಿ ನಿಲ್ಲುವುದಿಲ್ಲ. ಎರಡು ವರ್ಷ ಹಾರಿಸಿ, ಗಂಟೆ ಕೂಡಿಸಿಕೊಂಡು ಏರ್‌ಲೈನ್ಸ್‌ಗೆ ಹೊರಡುತ್ತಾರೆ. ಅವರು ಬಿಟ್ಟ ಜಾಗಕ್ಕೆ ಹೊಸಬರು ಬರುತ್ತಾರೆ.

ಮೂರನೆಯ ಲಕ್ಷಣವೇ ಮುಖ್ಯ. ಕಡಿಮೆ ಗಂಟೆಯವರಿಗೆ ಖಾಲಿ ಹುದ್ದೆ ಸಿಗುವುದು ಮೇಲಿನವರು ಮುಂದೆ ಹೋದಾಗ ಮಾತ್ರ. ಏರ್‌ಲೈನ್ಸ್‌ಗಳು ನೇಮಕ ನಿಲ್ಲಿಸಿದರೆ ಕಾಡಿನ ಏರ್‌ಸ್ಟ್ರಿಪ್‌ನಲ್ಲೂ ನೇಮಕ ನಿಲ್ಲುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಮತ್ತು 2020ರ ಕೋವಿಡ್ ಕಾಲದಲ್ಲಿ ಆದದ್ದು ಇದೇ.

ಈ ವೃತ್ತಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ನ್ಯೂಗಿನಿಯ ಬುಲೋಲೋ ಕಣಿವೆಯ ಚಿನ್ನದ ಗಣಿಗಳಿಗೆ ರಸ್ತೆ ಇರಲಿಲ್ಲ. 1930ರ ದಶಕದ ಆರಂಭದಲ್ಲಿ ಹೊಳೆಯ ತಳ ತೋಡುವ ದೈತ್ಯ ಯಂತ್ರಗಳನ್ನು ಬಿಡಿಭಾಗಗಳಾಗಿ ಬಿಚ್ಚಿ, ಕರಾವಳಿಯ ಲೇ ಪಟ್ಟಣದಿಂದ ಯುಂಕರ್ಸ್ ವಿಮಾನಗಳಲ್ಲಿ ಹೊತ್ತೊಯ್ದು ಅಲ್ಲಿ ಜೋಡಿಸಲಾಯಿತು. ಕೆನಡಾದ ಉತ್ತರದಲ್ಲಿ 1929ರ ಚಳಿಗಾಲದಲ್ಲಿ ವಾಪ್ ಮೇ ಎಂಬ ಪೈಲಟ್ ಜೊತೆಗಾರನೊಂದಿಗೆ ತೆರೆದ ಕಾಕ್‌ಪಿಟ್ಟಿನ ವಿಮಾನದಲ್ಲಿ ಫೋರ್ಟ್ ವರ್ಮಿಲಿಯನ್‌ಗೆ ಡಿಫ್ತೀರಿಯಾ ಔಷಧಿ ಮುಟ್ಟಿಸಿದ. ಅಂದು ಸಾಹಸವೆನಿಸಿದ್ದು ಇಂದು ನಿಯಮ, ತಪಾಸಣೆ, ವಿಮೆಗಳಿಗೆ ಒಳಪಟ್ಟ ದಿನನಿತ್ಯದ ಸಾರಿಗೆ.

ಮೌನ್: ಒಂದು ಊರಿನ ಉದಾಹರಣೆ

ಈ ಬಗೆಯ ಕೆಲಸಕ್ಕೆ ಹೆಸರಾದ ಊರು ಆಫ್ರಿಕಾದ ಬೋಟ್ಸ್ವಾನಾ ದೇಶದ ಮೌನ್. ಅದರ ಉತ್ತರಕ್ಕೆ ಒಕವಾಂಗೊ ಮುಖಜಭೂಮಿ ಹರಡಿಕೊಂಡಿದೆ. ಅಂಗೋಲದ ಎತ್ತರದ ನೆಲದಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಸುರಿದ ಮಳೆ ಒಕವಾಂಗೊ ನದಿಯಾಗಿ ನಿಧಾನಕ್ಕೆ ಹರಿದು ಬಂದು, ಕಡಲು ಸೇರದೆ, ಕಲಹರಿಯ ಮರಳಿನಲ್ಲಿ ಹರಡಿ ಇಂಗಿಹೋಗುತ್ತದೆ. ಸ್ಥಳೀಯವಾಗಿ ಮಳೆಯೇ ಇಲ್ಲದ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲದಲ್ಲಿ ಇಲ್ಲಿ ನೆರೆ ತುಂಬಿ ನಿಲ್ಲುವುದು ಹೀಗೆ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 1,000ನೆಯ ತಾಣ ಇದು.

ದ್ವೀಪಗಳ ಮೇಲೆ ಚದುರಿರುವ ಸಫಾರಿ ಕ್ಯಾಂಪ್‌ಗಳಲ್ಲಿ ಹಲವಕ್ಕೆ ನೆರೆಯ ಕಾಲದಲ್ಲಿ ರಸ್ತೆ ಇಲ್ಲ. ಕಡಿಮೆ ಪ್ರವಾಸಿಗರು, ಹೆಚ್ಚಿನ ದರ ಎಂಬುದು ಬೋಟ್ಸ್ವಾನಾದ ಪ್ರವಾಸೋದ್ಯಮ ನೀತಿ. ಆದ್ದರಿಂದ ಕ್ಯಾಂಪ್‌ಗಳು ಚಿಕ್ಕವು, ಅತಿಥಿಗಳು ಬೆರಳೆಣಿಕೆಯವರು. ಅವರು, ಅವರ ಚೀಲಗಳು, ತರಕಾರಿ, ಔಷಧಿ, ಕೆಲಸಗಾರರು ಎಲ್ಲ ಹೋಗಿಬರುವುದು ಸಣ್ಣ ವಿಮಾನಗಳಲ್ಲಿ. ಮ್ಯಾಕ್ ಏರ್, ಡೆಲ್ಟಾ ಏರ್, ಮೇಜರ್ ಬ್ಲೂ ಏರ್ ಮುಂತಾದ ಕಂಪನಿಗಳು ಈ ಸೇವೆಗೆ ಮೌನ್ ಅನ್ನು ನೆಲೆ ಮಾಡಿಕೊಂಡಿವೆ. ಹೊಸಬರು ಸಾಮಾನ್ಯವಾಗಿ ಶುರು ಮಾಡುವುದು ಆರು ಆಸನಗಳ ಸೆಸ್ನಾ 206 ಅಥವಾ ಎಂಟು ಆಸನಗಳ, ಆಸ್ಟ್ರೇಲಿಯಾದಲ್ಲಿ ತಯಾರಾದ ಏರ್‌ವ್ಯಾನ್‌ನಲ್ಲಿ. ಎರಡೂ ಪಿಸ್ಟನ್ ಎಂಜಿನ್ನಿನವು. ಕೆಲವು ನೂರು ಗಂಟೆ ಆದ ಮೇಲೆ ಟರ್ಬೈನ್ ಎಂಜಿನ್ನಿನ ಸೆಸ್ನಾ ಕ್ಯಾರವಾನ್‌ಗೆ ಬಡ್ತಿ. ಆ ಬಡ್ತಿಗೆ ಎಷ್ಟು ಗಂಟೆ ಆಗಿರಬೇಕೆಂಬುದರಲ್ಲಿ ಕಂಪನಿಯ ಮಾತಿಗಿಂತ ವಿಮೆಯವರ ಮಾತಿಗೇ ಹೆಚ್ಚು ತೂಕ.

ತೂಕ, ಬಿಸಿಲು ಮತ್ತು ಇಂಧನದ ಲೆಕ್ಕ

ಈ ಕೆಲಸದ ಸ್ವರೂಪ ಅರ್ಥವಾಗಲು ಸೆಸ್ನಾ 206ರ ತೂಕದ ಲೆಕ್ಕ ನೋಡಬೇಕು. ಟೇಕಾಫ್ ಆಗುವಾಗ ಅದರ ಒಟ್ಟು ತೂಕ 1,633 ಕಿಲೋ ಮೀರಬಾರದು. ಖಾಲಿ ವಿಮಾನವೇ ಸುಮಾರು 1,000 ಕಿಲೋ ತೂಗುತ್ತದೆ. ಉಳಿದ 630 ಕಿಲೋದಲ್ಲಿ 80 ಕಿಲೋದ ಪೈಲಟ್, ಅಷ್ಟೇ ತೂಕದ ಐವರು ಪ್ರಯಾಣಿಕರು ಮತ್ತು ತಲಾ 20 ಕಿಲೋ ಸಾಮಾನು ಸೇರಿಸಿದರೆ 580 ಕಿಲೋ ಆಯಿತು. ಇಂಧನಕ್ಕೆ ಉಳಿಯುವುದು 50 ಕಿಲೋ, ಅಂದರೆ ಸುಮಾರು 70 ಲೀಟರ್ ಏವ್‌ಗ್ಯಾಸ್ (ಪಿಸ್ಟನ್ ಎಂಜಿನ್ ವಿಮಾನಗಳ ಪೆಟ್ರೋಲ್). ಈ ವಿಮಾನ ಗಂಟೆಗೆ ಸುಮಾರು 60 ಲೀಟರ್ ಕುಡಿಯುತ್ತದೆ. ಹಗಲಿನ ಹಾರಾಟದಲ್ಲೂ ಅರ್ಧ ಗಂಟೆಯ ಇಂಧನ ಮೀಸಲು ಉಳಿಯಲೇಬೇಕು. ಹಾಗಾದರೆ ತುಂಬಿದ ವಿಮಾನ ಹಾರಬಹುದಾದದ್ದು ಅರ್ಧ ಗಂಟೆಗಿಂತ ತುಸು ಹೆಚ್ಚು. ಸಫಾರಿಗೆ ಬರುವವರಿಗೆ ತಲಾ 20 ಕಿಲೋ ಮಿತಿ, ಅದೂ ಮೆತ್ತನೆಯ ಚೀಲ ಎಂಬ ಷರತ್ತು ಹುಟ್ಟಿದ್ದು ಈ ಲೆಕ್ಕದಿಂದಲೇ. ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಯಡಿಯ ಸಾಮಾನಿನ ಪೆಟ್ಟಿಗೆಯೊಳಗೆ ಹೋಗುವುದಿಲ್ಲ.

ಇದಕ್ಕೆ ಬಿಸಿಲು ಸೇರಿಕೊಳ್ಳುತ್ತದೆ. ಮೌನ್ ಸಮುದ್ರಮಟ್ಟದಿಂದ ಸುಮಾರು 3,100 ಅಡಿ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಕಲಿತವರಿಗೆ ಎತ್ತರ ಹೊಸದಲ್ಲ. ಹೊಸದು ಉಷ್ಣತೆ. ಆ ಎತ್ತರದಲ್ಲಿ ಗಾಳಿಯ ಪ್ರಮಾಣಿತ ಉಷ್ಣತೆ ಸುಮಾರು 9 ಡಿಗ್ರಿ. ಪ್ರತಿ ಹೆಚ್ಚುವರಿ ಡಿಗ್ರಿಗೆ ವಿಮಾನ ಸುಮಾರು 120 ಅಡಿ ಮೇಲಿರುವಂತೆ ವರ್ತಿಸುತ್ತದೆ. ಅಕ್ಟೋಬರ್‌ನ 38 ಡಿಗ್ರಿ ಬಿಸಿಲಿನಲ್ಲಿ ಮೌನ್‌ನ ನೆಲದ ಮೇಲೆ ನಿಂತ ವಿಮಾನಕ್ಕೆ ಗಾಳಿ 6,600 ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ, ಓಟ ಉದ್ದ. ಬೆಳಿಗ್ಗೆ ಏಳಕ್ಕೆ ಸಲೀಸಾಗಿ ಬಿಟ್ಟು ಏಳಬಹುದಾದ ಏರ್‌ಸ್ಟ್ರಿಪ್ ಮಧ್ಯಾಹ್ನ ಎರಡಕ್ಕೆ ಸಾಲದೆ ಹೋಗಬಹುದು.

ಇಳಿಯುವ ಮುನ್ನ

ಕ್ಯಾಂಪ್‌ಗಳ ಏರ್‌ಸ್ಟ್ರಿಪ್‌ಗಳಲ್ಲಿ ಕಂಟ್ರೋಲ್ ಟವರ್ ಇರುವುದಿಲ್ಲ. ಅಲ್ಲಿ ಹಾರುವ ಎಲ್ಲರೂ ಒಂದೇ ರೇಡಿಯೊ ತರಂಗಾಂತರದಲ್ಲಿ ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ, ಎಲ್ಲಿಗೆ ಹೊರಟಿದ್ದೇವೆ ಎಂದು ಹೇಳಿಕೊಳ್ಳುತ್ತಾರೆ. ಉಳಿದವರು ಕೇಳಿಸಿಕೊಂಡು ದಾರಿ ಬಿಡುತ್ತಾರೆ. ಏರ್‌ಸ್ಟ್ರಿಪ್ ಸಮೀಪಿಸಿದಾಗ ಪೈಲಟ್ ಮೊದಲು ಅದರ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾರಿ ನೋಡುತ್ತಾರೆ. ಗಾಳಿಚೀಲ ಯಾವ ಕಡೆಗೆ ಹಾರುತ್ತಿದೆ, ಆನೆ ಅಥವಾ ಜಿಂಕೆಯ ಹಿಂಡು ಅಡ್ಡ ನಿಂತಿದೆಯೇ, ಕಾಡುಹಂದಿ ತೋಡಿದ ಗುಂಡಿ ಇದೆಯೇ, ನೆರೆಯ ನೀರು ಅಂಚಿಗೆ ಬಂದಿದೆಯೇ ಎಂಬುದು ಆಗ ಗೊತ್ತಾಗುತ್ತದೆ. ಇಳಿದು ನಿಂತ ಮೇಲೆ ಪ್ರೊಪೆಲ್ಲರ್ ಪೂರ್ತಿ ನಿಲ್ಲುವವರೆಗೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಚೀಲ ಇಳಿಸುವುದು, ಏರಿಸುವುದು, ಕಟ್ಟುವುದು, ಬೆಲ್ಟ್ ಬಗ್ಗೆ ಹೇಳಿಕೊಡುವುದು, ಸಂಜೆ ವಿಮಾನ ತೊಳೆಯುವುದು ಎಲ್ಲ ಪೈಲಟ್‌ನದೇ ಕೆಲಸ.

ಹೀಗೆ ದಿನಕ್ಕೆ ಹಲವು ಸಲ ಏರಿಳಿದರೆ ಹೆಚ್ಚಿನ ಬೇಡಿಕೆಯ ತಿಂಗಳುಗಳಲ್ಲಿ 80ರಿಂದ 100 ಗಂಟೆ ಕೂಡುತ್ತದೆ. ಆಯಾಸದ ಅಪಾಯ ತಡೆಯಲು ಹಲವು ದೇಶಗಳು ಹಾರಾಟವನ್ನು 28 ದಿನಗಳಲ್ಲಿ 100 ಗಂಟೆಗೆ, ವರ್ಷದಲ್ಲಿ 900 ಅಥವಾ 1,000 ಗಂಟೆಗೆ ಮಿತಿಗೊಳಿಸಿವೆ. ಎರಡು ವರ್ಷ ನಿಂತರೆ 1,500 ಗಂಟೆ ತಲುಪುವುದು ಸಾಧ್ಯ. ಆ ಗಂಟೆಗಳೆಲ್ಲ ಪೈಲಟ್ ಇನ್ ಕಮಾಂಡ್ ಆಗಿ, ಒಬ್ಬರೇ ನಿರ್ಧಾರ ತೆಗೆದುಕೊಂಡು ಹಾರಿಸಿದವು ಎಂಬುದೇ ಅವುಗಳ ಬೆಲೆ.

ಬೇರೆ ನೆಲೆಗಳು

ನಮೀಬಿಯಾದಲ್ಲಿ ಇದೇ ಕೆಲಸಕ್ಕೆ ಕೇಂದ್ರ ವಿಂಡ್‌ಹುಕ್ ನಗರದ ಈರೋಸ್ ವಿಮಾನ ನಿಲ್ದಾಣ. ಅಲ್ಲಿಂದ ಸೊಸುಸ್‌ವ್ಲೇಯ ಮರಳುದಿಬ್ಬಗಳಿಗೆ, ಸ್ಕೆಲಿಟನ್ ಕೋಸ್ಟ್ ಕಡಲತೀರಕ್ಕೆ ಪ್ರವಾಸಿಗರನ್ನು ಒಯ್ಯುವ ಸೆಸ್ನಾ 210 ಮತ್ತು ಕ್ಯಾರವಾನ್‌ಗಳು ಹಾರುತ್ತವೆ. ಹಾರಾಟದ ಹಾದಿ ಉದ್ದ, ನಡುವೆ ಊರು ವಿರಳ, ನಿಲ್ದಾಣದ ಎತ್ತರ ಸುಮಾರು 5,600 ಅಡಿ. ತಾಂಜಾನಿಯಾದ ಅರುಷಾ ಮತ್ತು ಜಾಂಜಿಬಾರ್, ಕೀನ್ಯಾದ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣಗಳಲ್ಲಿ ಕ್ಯಾರವಾನ್‌ಗಳೇ ಹೆಚ್ಚು. ಅಲ್ಲಿ ಸ್ಥಳೀಯ ಪೈಲಟ್‌ಗಳಿಗೆ ಆದ್ಯತೆ.

ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಕುನುನುರಾ, ಬ್ರೂಮ್, ಡಾರ್ವಿನ್ ಹೊಸ ಪೈಲಟ್‌ಗಳ ಸಾಂಪ್ರದಾಯಿಕ ಮೊದಲ ನೆಲೆಗಳು. ಕುನುನುರಾದಿಂದ ಹೊರಡುವ ವಿಮಾನಗಳು 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪುರ್ನುಲುಲು ಉದ್ಯಾನದ ಬಂಗಲ್ ಬಂಗಲ್ ಬೆಟ್ಟಗಳನ್ನು ಮೇಲಿನಿಂದ ತೋರಿಸಿ ಬರುತ್ತವೆ. ಕೆಲಸದ ಹಂಗಾಮು ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣ ಕಾಲ. ಅದಕ್ಕೂ ಮುನ್ನ, ಮಾರ್ಚ್–ಏಪ್ರಿಲ್‌ನಲ್ಲೇ ಹೊಸಬರು ಕಾರು ಹತ್ತಿ ಉತ್ತರಕ್ಕೆ ಹೋಗಿ, ಹ್ಯಾಂಗರ್‌ನಿಂದ ಹ್ಯಾಂಗರ್‌ಗೆ ಬಯೋಡೇಟಾ ಕೊಟ್ಟು ಬರುವುದು ಅಲ್ಲಿನ ವಾಡಿಕೆ.

ಕೆನಡಾದ ಉತ್ತರದಲ್ಲಿ ಕ್ರಮವೇ ಬೇರೆ. ಯೆಲ್ಲೋನೈಫ್‌ನಂಥ ಊರುಗಳ ಕಂಪನಿಗಳು ಹೊಸ ಪೈಲಟ್‌ನನ್ನು ಮೊದಲು ಕಾಕ್‌ಪಿಟ್‌ಗೆ ಕೂರಿಸುವುದಿಲ್ಲ. ಸರಕು ಹೇರುವುದು, ರೆಕ್ಕೆಯ ಮೇಲಿನ ಹಿಮ ತೆಗೆಯುವುದು, ಮೈನಸ್ 40 ಡಿಗ್ರಿಯ ಮುಂಜಾವಿನಲ್ಲಿ ಎಂಜಿನ್‌ಗೆ ಬಿಸಿಗಾಳಿ ಊದುವುದು ಮುಂತಾದ ನೆಲದ ಕೆಲಸದಲ್ಲಿ ಕೆಲವು ತಿಂಗಳಿಂದ ಎರಡು ವರ್ಷದವರೆಗೆ ಕಳೆಯಬೇಕಾಗುತ್ತದೆ. ಆಮೇಲೆ ಕೋಪೈಲಟ್ ಆಸನ. ಅಲಾಸ್ಕದ ಹೆಸರು ಸಾಹಸಪ್ರಿಯರಿಗೆಲ್ಲ ಗೊತ್ತು. ಆದರೆ ಅಮೆರಿಕದ ನಿಯಮದಂತೆ ಬಾಡಿಗೆ ವಿಮಾನವನ್ನು ಕಣ್ಣಳತೆಯ ಹಾರಾಟದಲ್ಲಿ ಪೈಲಟ್ ಇನ್ ಕಮಾಂಡ್ ಆಗಿ ನಡೆಸಲು ಕನಿಷ್ಠ 500 ಗಂಟೆ ಬೇಕು. ಆ ದೇಶದಲ್ಲಿ ದುಡಿಯುವ ಹಕ್ಕಿಲ್ಲದ ವಿದೇಶಿಯರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ.

ಭಾರತಕ್ಕೆ ಹತ್ತಿರದ ಮಾಲ್ದೀವ್ಸ್‌ನಲ್ಲಿ ಟ್ರಾನ್ಸ್ ಮಾಲ್ದೀವಿಯನ್ ಏರ್‌ವೇಸ್‌ನ ಟ್ವಿನ್ ಆಟರ್ ವಿಮಾನಗಳು ರನ್‌ವೇ ಇಲ್ಲದ ದ್ವೀಪಗಳ ನಡುವೆ ನೀರಿನ ಮೇಲೆ ಏರಿಳಿಯುತ್ತವೆ. ಹಾರಾಟ ಹಗಲಿನಲ್ಲಿ ಮಾತ್ರ. ಕೋಪೈಲಟ್ ಹುದ್ದೆಗೆ ಆ ದೇಶದವರಿಗೇ ಆದ್ಯತೆ ಇರುವುದರಿಂದ ಹೊರಗಿನವರು ಹೆಚ್ಚಾಗಿ ಅನುಭವಿಗಳು.

ಅತ್ಯಂತ ಕಠಿಣ ನೆಲೆ ನ್ಯೂಗಿನಿ ದ್ವೀಪ. ಅದರ ಪೂರ್ವಾರ್ಧ ಪಾಪುವಾ ನ್ಯೂಗಿನಿ, ಪಶ್ಚಿಮಾರ್ಧ ಇಂಡೊನೇಷ್ಯಾದ ಪಾಪುವಾ. ಬೆಟ್ಟದ ಇಳಿಜಾರಿನಲ್ಲೇ ಕಡಿದ ಏರ್‌ಸ್ಟ್ರಿಪ್‌ಗಳಲ್ಲಿ ಏರುಮುಖವಾಗಿ ಇಳಿದು, ಇಳಿಮುಖವಾಗಿ ಏರಬೇಕು. ಮುಂದೆ ಬೆಟ್ಟವೇ ಇರುವುದರಿಂದ ಕೊನೆಯ ಘಟ್ಟದಲ್ಲಿ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇಳಲು ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣಿವೆಗಳನ್ನು ಮೋಡ ಮುಚ್ಚುವುದರಿಂದ ಹೆಚ್ಚಿನ ಹಾರಾಟ ಬೆಳಗಿನಲ್ಲೇ ಮುಗಿಯುತ್ತದೆ. ಇಂಡೊನೇಷ್ಯಾದಲ್ಲಿ ವಿದೇಶಿ ಪೈಲಟ್‌ಗಳಿಗೆ ಕೆಲಸ ಕೊಟ್ಟು ಹೆಸರಾದದ್ದು ಸುಸಿ ಏರ್. ಮೀನು, ಸಿಗಡಿ ವ್ಯಾಪಾರ ಮಾಡುತ್ತಿದ್ದ ಸುಸಿ ಪುಜಿಯಸ್ತುತಿ ತಾಜಾ ಸರಕು ಸಾಗಿಸಲು 2004ರಲ್ಲಿ ಕ್ಯಾರವಾನ್ ಕೊಂಡರು. ಅದೇ ಡಿಸೆಂಬರ್‌ನ ಸುನಾಮಿಯ ನಂತರ ಆ ವಿಮಾನಗಳು ಅಚೆ ಪ್ರಾಂತ್ಯಕ್ಕೆ ಪರಿಹಾರ ಸಾಮಗ್ರಿ ಹೊತ್ತವು, ಅಲ್ಲಿಂದ ಬಾಡಿಗೆ ಹಾರಾಟದ ಕಂಪನಿ ಬೆಳೆಯಿತು. ಸುಸಿ 2014ರಿಂದ 2019ರವರೆಗೆ ಇಂಡೊನೇಷ್ಯಾದ ಮೀನುಗಾರಿಕೆ ಸಚಿವೆಯಾಗಿದ್ದರು. 2023ರ ಫೆಬ್ರುವರಿಯಲ್ಲಿ ಪಾಪುವಾದ ಪ್ರತ್ಯೇಕತಾವಾದಿಗಳು ಈ ಕಂಪನಿಯ ನ್ಯೂಜಿಲೆಂಡ್ ಪೈಲಟ್ ಒಬ್ಬರನ್ನು ಒತ್ತೆಯಾಗಿ ಹಿಡಿದರು. ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ.

ಲೈಸೆನ್ಸ್ ಮತ್ತು ಕೆಲಸದ ಹಕ್ಕು

ವಿದೇಶದಲ್ಲಿ ಹಾರಿಸಲು ಎರಡು ಅನುಮತಿ ಬೇಕು: ಆ ದೇಶದ ವಿಮಾನ ಹಾರಿಸುವ ಅನುಮತಿ ಮತ್ತು ಆ ದೇಶದಲ್ಲಿ ದುಡಿಯುವ ಅನುಮತಿ. ಮೊದಲನೆಯದು ದುಡ್ಡು, ಓದು ಇದ್ದರೆ ಆಗುವ ಕೆಲಸ. ಭಾರತದ ಸಿಪಿಎಲ್ ಅನ್ನು ಆ ದೇಶದ ಪ್ರಾಧಿಕಾರ ಡಿಜಿಸಿಎ ಮೂಲಕ ಪರಿಶೀಲಿಸುತ್ತದೆ. ಬಳಿಕ ಅಲ್ಲಿನ ವಾಯು ಕಾನೂನಿನ ಪರೀಕ್ಷೆ, ವೈದ್ಯಕೀಯ ತಪಾಸಣೆ, ಹಾರಾಟದ ಪರೀಕ್ಷೆಗಳ ಮೇಲೆ ಮಾನ್ಯತೆ ಅಥವಾ ಹೊಸ ಲೈಸೆನ್ಸ್ ಕೊಡುತ್ತದೆ. ಇಂಗ್ಲಿಷ್ ಸಾಮರ್ಥ್ಯದ ನಾಲ್ಕನೆಯ ಹಂತ ಅಥವಾ ಅದಕ್ಕಿಂತ ಮೇಲಿನ ದೃಢೀಕರಣವೂ ಬೇಕು.

ಎರಡನೆಯದೇ ನಿಜವಾದ ಅಡೆತಡೆ. ತಮ್ಮ ಪ್ರಜೆಗಳಲ್ಲಿ ಅರ್ಹರು ಸಿಗದಿದ್ದಾಗ ಮಾತ್ರ ವಿದೇಶಿಗೆ ಕೆಲಸದ ಪರ್ಮಿಟ್ ಕೊಡುವುದು ಹೆಚ್ಚಿನ ದೇಶಗಳ ರೀತಿ. ಪರ್ಮಿಟ್‌ಗೆ ಅರ್ಜಿ ಹಾಕಬೇಕಾದದ್ದು ಸಾಮಾನ್ಯವಾಗಿ ಕಂಪನಿ, ಮಂಜೂರಾತಿಗೆ ತಿಂಗಳುಗಳೇ ಹಿಡಿಯಬಹುದು. ಪ್ರವಾಸಿ ವೀಸಾದಲ್ಲಿ ಹೋಗಿ ಕಂಪನಿಯವರನ್ನು ಕಂಡು ಬರಬಹುದೇ ಹೊರತು ದುಡಿಯುವಂತಿಲ್ಲ. ಭಾರತೀಯರಿಗೆ ಈಚೆಗೆ ತೆರೆದ ದಾರಿಯೊಂದೆಂದರೆ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ. 2024ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 18ರಿಂದ 30 ವರ್ಷದವರಿಗೆ ವರ್ಷಕ್ಕೆ 1,000 ಜಾಗಗಳಿವೆ, ಆಯ್ಕೆ ಲಾಟರಿಯ ಮೂಲಕ. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ದುಡಿಯಬಹುದು.

ಕೆಲಸ ಹುಡುಕುವ ಕ್ರಮ

ಈ ಕ್ಷೇತ್ರದಲ್ಲಿ ಹಲವು ನೇಮಕಗಳು ಜಾಹೀರಾತಿಲ್ಲದೆ ನಡೆಯುತ್ತವೆ. ಹಂಗಾಮು ಶುರುವಾಗುವ ಎರಡು ಮೂರು ತಿಂಗಳ ಮುಂಚೆ ಊರಿನಲ್ಲಿ ಹಾಜರಿದ್ದವರಿಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚು. ಮೌನ್‌ಗೆ ಹುಡುಕಾಡುವವರು ಬರುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಚೀಫ್ ಪೈಲಟ್‌ಗಳನ್ನು ನೇರವಾಗಿ ಕಾಣುವುದು, ಆಗಾಗ ಹೋಗಿ ವಿಚಾರಿಸುವುದು, ಕಚೇರಿಯಲ್ಲಿ ಸಣ್ಣಪುಟ್ಟ ಕೆಲಸಕ್ಕೂ ಸಿದ್ಧರಿರುವುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಕೆಲವರಿಗೆ ವಾರಗಳಲ್ಲಿ ಕೆಲಸ ಸಿಗುತ್ತದೆ, ಕೆಲವರು ತಿಂಗಳುಗಟ್ಟಲೆ ಕಾದು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆದ್ದರಿಂದ ಹೊರಡುವ ಮುನ್ನ ಕೆಲವು ತಿಂಗಳ ಊಟ, ಬಾಡಿಗೆ, ಲೈಸೆನ್ಸ್ ಬದಲಾವಣೆಯ ಶುಲ್ಕ ಮತ್ತು ಹಿಂದಿರುಗುವ ಟಿಕೆಟ್‌ನ ಹಣ ಕೈಯಲ್ಲಿರಬೇಕು.

ತಯಾರಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಆ ಕೆಲಸದ ವಿಮಾನದಲ್ಲೇ ಪಡೆದ ಅನುಭವ. ಸೆಸ್ನಾ 206 ಅಥವಾ 210ರಲ್ಲಿ ಹತ್ತು ಗಂಟೆ ಹಾರಿಸಿದ್ದರೆ, ಕಚ್ಚಾ ಏರ್‌ಸ್ಟ್ರಿಪ್‌ನಲ್ಲಿ ಇಳಿಸಿ ಅಭ್ಯಾಸವಿದ್ದರೆ ಅರ್ಜಿಗೆ ತೂಕ ಬರುತ್ತದೆ. ಒಕವಾಂಗೊ ಪ್ರದೇಶದಲ್ಲಿ ಮಳೆಗಾಲದಲ್ಲಿ ಮಲೇರಿಯಾ ಇರುವುದರಿಂದ ತಡೆ ಮಾತ್ರೆಗಳ ಬಗ್ಗೆ ವಿಮಾನಯಾನ ವೈದ್ಯರ ಸಲಹೆ ಬೇಕು. ಮೆಫ್ಲೊಕ್ವಿನ್ ಎಂಬ ಮಾತ್ರೆ ಪೈಲಟ್‌ಗಳಿಗೆ ನಿಷಿದ್ಧ. ಭಾರತಕ್ಕೆ ಮರಳಿ ಏರ್‌ಲೈನ್ಸ್ ಸೇರುವ ಉದ್ದೇಶವಿದ್ದವರು ಹೊರದೇಶದ ಪ್ರತಿ ಹಾರಾಟಕ್ಕೂ ಕಂಪನಿಯ ದೃಢೀಕರಣ ಪಡೆದು ಲಾಗ್‌ಬುಕ್ ಚೊಕ್ಕವಾಗಿಟ್ಟುಕೊಳ್ಳಬೇಕು, ಡಿಜಿಸಿಎಯ ವೈದ್ಯಕೀಯ ಪ್ರಮಾಣಪತ್ರ ಕೈಬಿಡಬಾರದು.

ಹಣ ಕಟ್ಟಿಸಿಕೊಂಡು ಹಾರಾಟದ ಗಂಟೆ ಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರ ಅಗತ್ಯ. ಪ್ರಯಾಣಿಕರಿಂದ ದರ ಪಡೆದು ನಡೆಸುವ ವಿಮಾನದಲ್ಲಿ ದುಡಿಯುವವನೂ ದುಡ್ಡು ಕೊಡಬೇಕೆಂಬ ಈ ಪದ್ಧತಿಯನ್ನು ಪೈಲಟ್ ಸಂಘಟನೆಗಳು ವಿರೋಧಿಸುತ್ತ ಬಂದಿವೆ. ಪರ್ಮಿಟ್ ಕೊಡಿಸುತ್ತೇವೆಂದು ಮುಂಗಡ ಕೇಳುವ ಏಜೆಂಟ್‌ಗಳ ಮಾತನ್ನು ಕಂಪನಿಯನ್ನೇ ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳದೆ ನಂಬಬಾರದು.

ಅಪಾಯ ಮತ್ತು ಪ್ರತಿಫಲ

ಸಣ್ಣ ವಿಮಾನದ ಒಂಟಿ ಪೈಲಟ್‌ಗೆ ಪಕ್ಕದಲ್ಲಿ ಎಚ್ಚರಿಸುವವರಿಲ್ಲ. ಕಣ್ಣಳತೆಯಲ್ಲಿ ಹಾರುತ್ತಿದ್ದವರು ಮೋಡದೊಳಗೆ ಸಿಕ್ಕಿಬೀಳುವುದು, ಅತಿಭಾರ ಹೇರುವುದು, ಬಿಸಿಲಿನಲ್ಲಿ ಚಿಕ್ಕ ಏರ್‌ಸ್ಟ್ರಿಪ್‌ನಿಂದ ಏಳಲು ಹೋಗುವುದು, ಏವ್‌ಗ್ಯಾಸ್ ಬೇಕಾದ ಎಂಜಿನ್‌ಗೆ ಜೆಟ್ ಇಂಧನ ತುಂಬಿಸಿಕೊಳ್ಳುವುದು ಈ ಕೆಲಸದ ಹಳೆಯ ಅಪಾಯಗಳು. ಇವುಗಳಲ್ಲಿ ಹೆಚ್ಚಿನವನ್ನು ತಡೆಯುವುದು ನೆಲದ ಮೇಲೆ ತೆಗೆದುಕೊಂಡ ನಿರ್ಧಾರ. ಅತಿಥಿ ಕಾಯುತ್ತಿದ್ದಾರೆ, ಕ್ಯಾಂಪ್‌ನವರು ಒತ್ತಾಯಿಸುತ್ತಿದ್ದಾರೆ, ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿಲ್ಲ ಎಂಬ ಪರಿಸ್ಥಿತಿಯಲ್ಲೂ ಎರಡು ಚೀಲ ಇಳಿಸಿ, ಅಥವಾ ಈಗ ಹೊರಡುವುದಿಲ್ಲ ಎಂದು ಹೇಳಬಲ್ಲ ಪೈಲಟ್ ಬೇಕು. ಹಾಗೆ ಹೇಳಿದವರನ್ನು ಬೆಂಬಲಿಸುವ ಕಂಪನಿಯೂ ಬೇಕು. ಕೆಲಸಕ್ಕೆ ಸೇರುವ ಮುನ್ನ ಅಲ್ಲಿ ಈಗಾಗಲೇ ಹಾರಿಸುತ್ತಿರುವ ಪೈಲಟ್‌ಗಳನ್ನು ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಈ ಬೆಂಬಲದ್ದು. ಅದಕ್ಕೆ ಹಾರಿಕೆಯ ಉತ್ತರ ಬಂದರೆ ಆ ಕೆಲಸ ಬಿಡುವುದೇ ಸರಿ. 1,500 ಗಂಟೆ ಇನ್ನೆಲ್ಲಾದರೂ ಕೂಡಿಸಿಕೊಳ್ಳಬಹುದು.